ಮೂಲೆಗದ್ದೆಯ ಮೂವರು

ನಾನು ಎಡಗೈಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮದುವೆಗೆ ಮೊದಲು ಹೇಳದೆ ಮುಚ್ಚಿಟ್ಟಿದ್ದೇ ನಮ್ಮಪ್ಪ ಮಾಡಿದ ತಪ್ಪು.

ಉಣ್ಣುವುದು ಮಾತ್ರ ಬಲಗೈಯಲ್ಲಿ. ಅದನ್ನು ನಮ್ಮವ್ವ ಚಿಕ್ಕಂದಿನಲ್ಲೇ ಹೊಡೆದು ಕಲಿಸಿದ್ದಳು. ಉಳಿದದ್ದೆಲ್ಲ ಎಡಗೈಯಲ್ಲೇ. ಕತ್ತಿ ಹಿಡಿಯುವುದು, ಕಸ ಗುಡಿಸುವುದು, ಕೊಟ್ಟಿಗೆಗೆ ಸೊಪ್ಪು ಹಾಕುವುದು, ತಮ್ಮನಿಗೆ ಬಾರಿಸುವುದು. ಶಾಲೆಯಲ್ಲಿ ಮೇಷ್ಟರು ಬಳಪವನ್ನು ಬಲಗೈಗೆ ಕೊಡುತ್ತಿದ್ದರು, ನಾನು ಎಡಗೈಗೆ ತೆಗೆದುಕೊಳ್ಳುತ್ತಿದ್ದೆ, ಅವರು ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಎರಡನೇ ತರಗತಿ ಮುಗಿಯುವಷ್ಟರಲ್ಲಿ ಇಬ್ಬರಿಗೂ ಸಾಕಾಗಿತ್ತು. ಈಗ ಇದನ್ನು ಬರೆಯುತ್ತಿರುವುದೂ ಎಡಗೈಯಲ್ಲೇ. ಈ ವಯಸ್ಸಿನಲ್ಲಿ ಹೊಡೆಯುವವರು ಯಾರೂ ಉಳಿದಿಲ್ಲ.

ನಾನು ಹುಟ್ಟಿದ ಊರು ಸಾಗರದ ಕಡೆ, ಹೊಳೆಯಾಚೆ. ಆಣೆಕಟ್ಟೆ ಏಳುತ್ತಿದ್ದ ಕಾಲ ಅದು. ಊರಿಗೆ ನೀರು ಬರುತ್ತದೆ, ಎಲ್ಲರೂ ಏಳಬೇಕು ಎಂದು ಸರ್ಕಾರದವರು ಹೇಳಿಹೋಗಿದ್ದರು. ಎಲ್ಲಿಗೆ ಹೋಗುವುದೋ, ಏನು ಉಣ್ಣುವುದೋ ಗೊತ್ತಿಲ್ಲ. ಹೆಣ್ಣುಮಕ್ಕಳನ್ನಾದರೂ ಮೊದಲು ದಾಟಿಸಿಬಿಡೋಣ ಎಂದು ಅಪ್ಪ ಗಡಿಬಿಡಿಯಲ್ಲಿ ಗಂಡು ಹುಡುಕಿದ. ಗಂಡಿನವರು ನೋಡಲು ಬಂದ ದಿನ ನಾನು ಎಡಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಬಲಗೈಯಲ್ಲಿ ನೀರು ಕೊಟ್ಟೆ. ಅರ್ಧ ಚೊಂಬು ಚೆಲ್ಲಿತು. ನಾಚಿಕೆಯ ಹುಡುಗಿ ಎಂದು ಅವರಿಗೆ ಇಷ್ಟವಾಯಿತು.

ಮದುವೆಯಾಗಿ ಬಂದದ್ದು ತೀರ್ಥಹಳ್ಳಿ ತಾಲ್ಲೂಕಿಗೆ, ಅರಳಸುರಳಿಯ ಹತ್ತಿರದ ಒಂದು ಹಳ್ಳಿಗೆ. ಮೂರನೇ ದಿನ ಅತ್ತೆ ನನ್ನ ಕೈ ಕಂಡುಹಿಡಿದರು. ಸೊಪ್ಪು ಹೆಚ್ಚುತ್ತಿದ್ದೆ. ಅವರು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು.

"ಆ ಕೈಗೆ ಎಂತ ಆಗ್ಯದೆ?"

"ಯಾವ ಕೈಗೆ ಅತ್ತೆ?"

"ಬಲಗೈಗೆ."

"ಎಂತ ಆಗಿಲ್ಲ."

"ಹಂಗಾದ್ರೆ ಅದ್ಯಾಕೆ ಮಡಿಲಲ್ಲಿ ಸುಮ್ನೆ ಕೂತದೆ?" ಎಂದವರು ಅಂಗಳಕ್ಕೆ ಹೋಗಿ ಮಗನನ್ನು ಕರೆದು, "ಏನೋ, ಎಡಚಿನ ತಂದ್ಯಲ್ಲೋ ಮನೆಗೆ!" ಎಂದರು. ನನ್ನ ಗಂಡ ತಲೆ ಕೆರೆದುಕೊಂಡ. ಅವನು ಒಳ್ಳೆಯವನು. ಆದರೆ ಮಾತಾಡಬೇಕಾದಲ್ಲಿ ಯಾವಾಗಲೂ ತಲೆ ಕೆರೆದುಕೊಳ್ಳುತ್ತಿದ್ದ, ಸಾಯುವವರೆಗೂ.

ಅಲ್ಲಿಂದ ನಾನು ಬಡಿಸುವುದು ನಿಂತಿತು. ದೇವರ ದೀಪ ಮುಟ್ಟುವುದು ನಿಂತಿತು. ಕೇರಿಯ ಹೆಂಗಸರು ನನ್ನನ್ನು "ಮುಳುಗಡೆಯವಳು" ಎನ್ನುತ್ತಿದ್ದರು, ಈಗ "ಮುಳುಗಡೆ ಎಡಚಿ" ಎಂದಾಯಿತು. ಅದೆಲ್ಲ ಸಹಿಸಬಹುದಿತ್ತು. ಬೈದರೆ ಮೈಗೆ ಅಂಟಿಕೊಳ್ಳುವುದಿಲ್ಲ. ನಿಜವಾದ ತೊಂದರೆ ಶುರುವಾದದ್ದು ನಟ್ಟಿಯ ಕಾಲದಲ್ಲಿ.

ನಮ್ಮ ಕಡೆ ಗದ್ದೆ ನೆಡುವುದು ಮುಯ್ಯಾಳಿನಲ್ಲಿ. ಇವತ್ತು ಹತ್ತು ಮನೆಯ ಹೆಂಗಸರು ನಮ್ಮ ಗದ್ದೆಗೆ ಬಂದು ನೆಟ್ಟುಕೊಟ್ಟರೆ, ನಮ್ಮ ಮನೆಯ ಹೆಂಗಸು ಆ ಹತ್ತೂ ಗದ್ದೆಗೆ ಒಂದೊಂದು ದಿನ ಹೋಗಬೇಕು. ಹೋಗಲಿಲ್ಲವೋ, ಮರುವರ್ಷ ನಮ್ಮ ಗದ್ದೆಗೆ ಯಾರೂ ಇಲ್ಲ. ಅಷ್ಟು ವರ್ಷ ನಮ್ಮ ಮನೆಯಿಂದ ಅತ್ತೆ ಹೋಗುತ್ತಿದ್ದರು. ಅವರ ಸೊಂಟ ಬಿದ್ದುಹೋಗಿತ್ತು, ಬಗ್ಗಿದರೆ ಏಳಲು ಇಬ್ಬರು ಬೇಕು. ಅದಕ್ಕೇ ಮಗನಿಗೆ ಅವಸರದಲ್ಲಿ ಮದುವೆ ಮಾಡಿದ್ದು. ನನ್ನನ್ನು ತಂದದ್ದು ಚಂದಕ್ಕಲ್ಲ, ನಟ್ಟಿಗೆ. ಗದ್ದೆ ನಮ್ಮದಲ್ಲ, ಗೇಣಿಯದು. ನೆಡದೆ ಬಿಟ್ಟರೆ ಒಡೆಯರು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದರು.

ನೆಡುವವರು ಸಾಲಾಗಿ ಬಗ್ಗಿ, ಒಂದು ಕೈಯಲ್ಲಿ ಸಸಿಯ ಕಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ನೆಡುತ್ತಾ ಹಿಂದೆ ಹಿಂದೆ ಹೋಗುತ್ತಾರೆ. ಸಾಲಿನ ಮೊದಲಿಗೆ ನಿಂತವರು ಒಂದು ಪದ ಎತ್ತುತ್ತಾರೆ, ಉಳಿದವರು ಹಾಡುತ್ತಾರೆ, ಪದದ ಜೊತೆ ಎಲ್ಲರ ಕೈಯೂ ಒಟ್ಟಿಗೆ ಕೆಸರಿಗೆ ಇಳಿಯುತ್ತದೆ. ಹೊಸ ಸೊಸೆಯನ್ನು ಸಾಲಿನ ನಡುವೆ ನಿಲ್ಲಿಸುವುದು ಪದ್ಧತಿ. ಎರಡು ತುದಿ ಹಿರಿಯರದ್ದು, ಸಾಲು ಸೊಟ್ಟಗಾಗದಂತೆ ನೋಡಿಕೊಳ್ಳುವವರದ್ದು.

ನಡುವೆ ನಿಂತೆ. ಎಲ್ಲರ ಕೈ ಒಂದು ಕಡೆಯಿಂದ ಬಂದರೆ ನನ್ನ ಕೈ ಇನ್ನೊಂದು ಕಡೆಯಿಂದ ಬರುತ್ತಿತ್ತು. ಪಕ್ಕದವಳ ಮೊಣಕೈ ನನ್ನ ಮೊಣಕೈಗೆ ಠಕ್ ಎಂದಿತು. ಮೊದಲು ನಕ್ಕರು. ಎರಡನೇ ಸಲ ಅವಳ ಕೈಯ ಕಟ್ಟು ಕೆಸರಿಗೆ ಬಿತ್ತು. ಮೂರನೇ ಸಲ ಅವಳು ಎದ್ದು ನಿಂತಳು. ಪದ ನಿಂತಿತು.

ಸಾಲಿನ ಮೊದಲಿಗೆ ನಿಲ್ಲುತ್ತಿದ್ದವರು ಮೇಲ್ಮನೆಯ ದೊಡ್ಡಮ್ಮ. ನಟ್ಟಿಯ ವಿಷಯದಲ್ಲಿ ಊರಿಗೆ ಅವರ ಮಾತೇ ಮಾತು. ಅವರು ಅಲ್ಲಿಂದಲೇ ಕೂಗಿದರು. "ಏ ಹುಡ್ಗಿ, ನಿಮ್ಮೂರಲ್ಲಿ ಗದ್ದೆ ನೆಡ್ತಿದ್ರಾ, ಜಗಳ ಆಡ್ತಿದ್ರಾ?"

ನಮ್ಮೂರಿನಲ್ಲಿ ನಮ್ಮದೇ ಎರಡು ಗದ್ದೆ, ನೆಡುವವರು ನಾನು ಮತ್ತು ಅವ್ವ. ಜಾಗ ಬೇಕಾದಷ್ಟಿತ್ತು. ಆದರೆ ಅದನ್ನು ಅಲ್ಲಿ ಯಾರಿಗೆ ಹೇಳುವುದು? ಬಲಗೈಗೆ ಬದಲಾಯಿಸಿದೆ. ಸಂಜೆಯವರೆಗೂ ಬಲಗೈಯಲ್ಲೇ ನೆಟ್ಟೆ. ಮಾರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಇಡೀ ಗದ್ದೆಯಲ್ಲಿ ಒಂದು ಪಟ್ಟಿಯಷ್ಟು ಸಸಿ ಎದ್ದು ನೀರ ಮೇಲೆ ತೇಲುತ್ತಿತ್ತು. ಬೇರು ಕೆಸರೊಳಗೆ ಕೂರಬೇಕಾದರೆ ಬೆರಳಿಗೆ ಒಂದು ಅಂದಾಜು ಇರಬೇಕು. ನನ್ನ ಬಲಗೈಗೆ ಅದಿರಲಿಲ್ಲ. ಯಾರದ್ದು ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

"ನಾಳಿಂದ ನಿನ್ನ ಅತ್ತೇನೇ ಕಳ್ಸು" ಎಂದರು ದೊಡ್ಡಮ್ಮ. "ಈ ಮುಯ್ಯಿ ನಮಗೆ ಬ್ಯಾಡ."

ಮನೆಗೆ ಬಂದು ಹೇಳಿದೆ. ಅತ್ತೆ ಒಲೆಯ ಮುಂದೆ ಕೂತಿದ್ದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

"ನೋಡು, ನಂಗೆ ಬಗ್ಗಕ್ಕೆ ಆಗಲ್ಲ. ನಿನ್ನ ಕೈ ಊರಿಗೆ ಬ್ಯಾಡ. ಈ ನಟ್ಟಿ ಮುಗಿಯೋದ್ರೊಳಗೆ ಒಂದು ದಾರಿ ಮಾಡ್ಕೊಂಡ್ರೆ ಇರು. ಇಲ್ದಿದ್ರೆ ಅಪ್ಪನ ಮನೆಗೆ ಹೋಗು. ನಾನು ಬೇರೆ ಹೆಣ್ಣು ನೋಡ್ತೀನಿ."

ಅಪ್ಪನ ಮನೆ! ಅಪ್ಪ ಆಗ ಸರ್ಕಾರದವರು ಕಾಡು ಕಡಿದು ಕೊಟ್ಟ ಜಾಗದಲ್ಲಿ ನಾಲ್ಕು ಬಿದಿರು ನಿಲ್ಲಿಸಿ, ಹುಲ್ಲು ಹೊದಿಸಿ, ಐದು ಜನರ ಜೊತೆ ಮಲಗುತ್ತಿದ್ದ. ಏಳನೆಯವಳಿಗೆ ಕಾಲು ಚಾಚಲು ಜಾಗವಿರಲಿಲ್ಲ. ಹುಟ್ಟಿದ ಮನೆಯ ಮೇಲೆ ಮೀನು ಓಡಾಡುತ್ತಿತ್ತು.

ಗದ್ದೆಬಯಲಿನ ಕೊನೆಯಲ್ಲಿ, ಹಳ್ಳದ ಪಕ್ಕ, ಮೂಲೆಗದ್ದೆಗಳು ಎಂದಿದ್ದವು. ಒಂದೊಂದು ಚಾಪೆಯಷ್ಟು, ಮೂರು ಮೂಲೆಯವು, ಬಾಳೆಲೆಯ ತುದಿಯಂತೆ ಚೂಪಾದವು. ಸಾಲು ನಿಲ್ಲಲು ಅಲ್ಲಿ ಜಾಗವಿಲ್ಲ. ಕೆಸರು ತೊಡೆಯವರೆಗೆ, ಜಿಗಣೆ ಬೇಕಾದಷ್ಟು. ಎಲ್ಲರ ಗದ್ದೆಯಲ್ಲೂ ಅಂಥ ಒಂದೆರಡು ತುಂಡು ಇದ್ದೇ ಇತ್ತು. ಅವನ್ನು ನೆಡುವವರು ಇಬ್ಬರು ಹೆಂಗಸರು, ಸಾಲಿಗೆ ಬೇಡವಾದವರು.

ಒಬ್ಬಳು ಕಿವುಡಜ್ಜಿ. ಅವಳಿಗೆ ಪದ ಕೇಳುತ್ತಿರಲಿಲ್ಲ. ಪದ ಕೇಳದಿದ್ದರೆ ಸಾಲಿನಲ್ಲಿ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಇನ್ನೊಬ್ಬಳನ್ನು ಎಲ್ಲರೂ ಹೊಸನಗರದವಳು ಎನ್ನುತ್ತಿದ್ದರು. ಅವಳು ಈ ಊರಿನಲ್ಲೇ ಹುಟ್ಟಿದವಳು. ಹೊಸನಗರಕ್ಕೆ ಮದುವೆ ಮಾಡಿಕೊಟ್ಟಿದ್ದರು, ಎರಡು ವರ್ಷಕ್ಕೆ ಗಂಟು ಕಟ್ಟಿಕೊಂಡು ಅಣ್ಣನ ಮನೆಗೆ ನಡೆದುಕೊಂಡೇ ಬಂದಿದ್ದಳು. ಮಗ್ಗುಲಲ್ಲಿ ನಿಂತು ನೆಟ್ಟರೆ ಅವಳ ಗತಿ ತಮಗೂ ಬಂದೀತು ಎಂದು ಹೊಸ ಸೊಸೆಯರು ಹೆದರುತ್ತಿದ್ದರು. ಹುಟ್ಟಿದ ಊರಿನಲ್ಲೇ ಬೇರೆ ಊರಿನ ಹೆಸರು ಹೊತ್ತು ತಿರುಗುವುದು ನೋಡಿ!

ಮಾರನೇ ದಿನ ನಾನು ಹೋಗಿ ಅವರ ಗದ್ದೆಯ ಅಂಚಿನ ಮೇಲೆ ನಿಂತೆ. ಏನು ಕೇಳಬೇಕೆಂದು ಗೊತ್ತಿರಲಿಲ್ಲ. ಅಜ್ಜಿ ನನ್ನನ್ನು ನೋಡಿ, ಇಡೀ ಬಯಲಿಗೆ ಕೇಳುವಂತೆ, "ಇವಳೇನೆ ಆ ಎಡಚಿ?" ಎಂದು ಕೂಗಿದಳು. ಕಿವುಡರಿಗೆ ಪಿಸುಗುಡಲು ಬರುವುದಿಲ್ಲ.

ಹೊಸನಗರದವಳು ಹೌದೆಂದು ತಲೆ ಆಡಿಸಿದಳು.

"ಹಂಗಾದ್ರೆ ಅಲ್ಲೆಂತಕ್ಕೆ ನಿಂತ್ಕಂಡಿದಾಳೆ? ಆ ಕಡೆಯಿಂದ ಇಳಿ ಅನ್ನು. ನಾನು ಈ ಕಡೆಯಿಂದ ಬರ್ತೀನಿ, ಅವಳು ಆ ಕಡೆಯಿಂದ ಬರ್ಲಿ. ಕೈ ಎಲ್ಲಿ ತಾಗ್ತದೆ?"

ಇಷ್ಟೇ. ಸಾಲಿನಲ್ಲಿ ನಿಂತ ಹತ್ತು ಜನಕ್ಕೆ ಹೊಳೆಯದಿದ್ದದ್ದು, ನಾನು ಅಂಚಿನ ಮೇಲೆ ಕಾಲಿಟ್ಟ ತಕ್ಷಣ ಅವಳಿಗೆ ಹೊಳೆಯಿತು. ಇಳಿದೆ. ಅಜ್ಜಿ ಬಲಕ್ಕೆ, ನಾನು ಎಡಕ್ಕೆ, ನಡುವೆ ಹೊಸನಗರದವಳು. ಆ ಮೂರು ಮೂಲೆಯ ತುಂಡಿಗೆ ಅದೇ ಸರಿಯಾಗಿತ್ತು. ಎಡಗಡೆಯ ಚೂಪು ಸಂದಿಗೆ ಬಲಗೈಯವರ ಕೈ ತಿರುಗುವುದಿಲ್ಲ. ನನ್ನದು ಸಲೀಸಾಗಿ ಹೋಗುತ್ತಿತ್ತು. ಅಷ್ಟು ವರ್ಷ ಆ ಸಂದಿಗಳು ಹಾಗೇ ಹಾಳು ಬೀಳುತ್ತಿದ್ದವಂತೆ.

ಊಟದ ಹೊತ್ತಿಗೆ ಅಂಚಿನ ಮೇಲೆ ಕೂತೆವು. ಅಜ್ಜಿ ತನ್ನ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ನನ್ನ ಕಾಲಿನ ಜಿಗಣೆಗಳಿಗೆ ಒಂದೊಂದಾಗಿ ಹಚ್ಚಿದಳು. ಹಚ್ಚುತ್ತಾ ಎಣಿಸಿದಳು, "ಹನ್ನೊಂದು! ಮುಳುಗಡೆ ರಕ್ತ ಸಿಹಿ ಕಣೆ."

ನಾನು ಹೊಸನಗರದವಳನ್ನು ಕೇಳಿದೆ, "ಅಕ್ಕ, ನೀವೆಂತಕ್ಕೆ ಬಿಟ್ಟು ಬಂದ್ರಿ?"

ಅಂಥದ್ದನ್ನು ಹಾಗೆ ಕೇಳಬಾರದು ಎಂಬ ಬುದ್ಧಿ ನನಗಿರಲಿಲ್ಲ. ಅವಳು ಸಿಟ್ಟಾಗಲಿಲ್ಲ. ರೊಟ್ಟಿ ಮುರಿಯುತ್ತಾ ಹೇಳಿದಳು. "ಅವ್ನು ದಿನಾ ಹೊಡೀತಿದ್ದ. ಅದ್ರದ್ದು ಎಂತ ತೊಂದ್ರೆ ಇರ್ಲಿಲ್ಲ, ಯಾರೂ ಕೇಳ್ತಿರ್ಲಿಲ್ಲ. ನಾನು ಒಂದೇ ಒಂದಿನ ಹೊಡ್ದೆ. ಅದು ತಪ್ಪಾಯ್ತಂತೆ."

"ಯಾವುದ್ರಲ್ಲಿ ಹೊಡೆದ್ರಿ?"

"ಒನಕೆ."

ಅಜ್ಜಿಗೆ ಏನೂ ಕೇಳಿರಲಿಲ್ಲ. ಆದರೆ ನಾವಿಬ್ಬರೂ ನಗುವುದು ಕಂಡು ಅವಳೂ ಬೊಚ್ಚುಬಾಯಿ ತೆರೆದು ನಕ್ಕಳು. ಆ ಊರಿಗೆ ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲು. ನನ್ನ ನಗು ನನಗೇ ಹೊಸದಾಗಿ ಕೇಳಿಸಿತು.

ಮುಯ್ಯಿಯ ಮಾತಾಡಿದ್ದು ಹೊಸನಗರದವಳೇ. ಸಂಜೆ ನನ್ನನ್ನೂ ಅಜ್ಜಿಯನ್ನೂ ಕಟ್ಟಿಕೊಂಡು ಮೇಲ್ಮನೆಯ ಅಂಗಳಕ್ಕೆ ಹೋದಳು. ಕೆಸರು ಕಾಲಲ್ಲೇ.

"ದೊಡ್ಡಮ್ಮ, ಇವಳ ಮುಯ್ಯಿ ನೀವು ತಗಬೇಕು."

"ಸಾಲಿಗೆ ಬ್ಯಾಡ ಅಂದ್ನಲ್ಲ."

"ಸಾಲಿಗೆ ಯಾರು ಬರ್ತಾರೆ? ಹತ್ತೂ ಮನೆ ಮೂಲೆಗದ್ದೆ ನಾವು ಮೂರು ಜನ ನೆಟ್ಟು ಕೊಡ್ತೀವಿ. ಸಂದೀನೂ ಬಿಡಲ್ಲ. ಅದು ಇವಳ ಮನೆ ಮುಯ್ಯಿ ಅಂತ ಹಿಡೀರಿ. ಆಗಲ್ಲ ಅಂದ್ರೆ ನಾಳಿಂದ ನಿಮ್ಮ ಸೊಸೆಯರನ್ನೇ ಆ ಕೆಸರಿಗೆ ಇಳಿಸಿ."

ದೊಡ್ಡಮ್ಮನ ಸೊಸೆಯರು ಜಗಲಿಯ ಮೇಲೆ ನಿಂತಿದ್ದರು. ಒಬ್ಬಳು ತನ್ನ ಕಾಲು ನೋಡಿಕೊಂಡಳು. ದೊಡ್ಡಮ್ಮ ಎಲೆಗೆ ಸುಣ್ಣ ಸವರಿ ಮಡಚಿ, "ಆಯ್ತು, ಒಂದು ವರ್ಷ ನೋಡಾಣ" ಎಂದರು.

ಆ ವರ್ಷ ನಮ್ಮ ಗದ್ದೆ ನಟ್ಟಿಯಾಯಿತು. ಅತ್ತೆ ಬೇರೆ ಹೆಣ್ಣಿನ ಮಾತು ಎತ್ತಲಿಲ್ಲ. ಇರು ಎಂದೂ ಹೇಳಲಿಲ್ಲ.

ಮೂಲೆಗದ್ದೆಯ ದಿನಗಳ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಅಜ್ಜಿ ಒಂದೇ ಪದದ ಎರಡೇ ಸಾಲನ್ನು ದಿನವಿಡೀ ಹಾಡುತ್ತಿದ್ದಳು, ಅದೂ ರಾಗವಿಲ್ಲದೆ. ಕಿವಿ ಹೋಗುವ ಮೊದಲು ಕಲಿತದ್ದು ಅಷ್ಟೇ. ನಾವು ಬೇಡ ಎನ್ನುತ್ತಿರಲಿಲ್ಲ, ಎಂದರೂ ಕೇಳುತ್ತಿರಲಿಲ್ಲ. ಏಡಿ ಸಿಕ್ಕರೆ ಹಿಡಿದು ಎಲೆಯ ಕೊಟ್ಟೆಯಲ್ಲಿ ಕಟ್ಟಿಟ್ಟು ಸಂಜೆ ಹಂಚಿಕೊಳ್ಳುತ್ತಿದ್ದೆವು. ಅಲ್ಲಿ ಯಾರೂ ಯಾರನ್ನೂ ಅಯ್ಯೋ ಪಾಪ ಎನ್ನಲಿಲ್ಲ. ಅವರಿಬ್ಬರೂ ನನ್ನನ್ನು ಎಡಚಿ ಎಂದೇ ಕರೆಯುತ್ತಿದ್ದರು. ಅದೇ ಶಬ್ದ, ಆದರೆ ಅವರ ಬಾಯಲ್ಲಿ ಬಂದರೆ ನಾನು ಓ ಎನ್ನುತ್ತಿದ್ದೆ. ನನಗೆ ಅವ್ವನ ನೆನಪಾಗಿ ಅಳು ಬಂದ ದಿನ ಹೊಸನಗರದವಳು, "ಅಳೋದಿದ್ರೆ ಅತ್ಲಾಗೆ ತಿರುಗಿ ಅಳು, ಸಸಿ ನೋಡ್ಕೊಂಡು ಅಳಬ್ಯಾಡ, ಸೊಟ್ಟ ಆಗ್ತದೆ" ಎಂದಳು. ಆಮೇಲೆ ನನ್ನ ಪಾಲಿನ ಎರಡು ಕಟ್ಟು ಅವಳೇ ನೆಟ್ಟಳು.

ಮರುವರ್ಷದ ನಟ್ಟಿಯಲ್ಲಿ ನಾನೊಂದು ಕೆಲಸ ಮಾಡಿದೆ. ಅದನ್ನು ಹೇಳಲೆಂದೇ ಇಷ್ಟೂ ಬರೆದದ್ದು.

ಸಾಲಿನ ಎಡಗಡೆಯ ಕೊನೆಯ ತುದಿಗೆ ನಿಲ್ಲುತ್ತಿದ್ದ ಹಿರಿಯರೊಬ್ಬರು ಜ್ವರ ಬಂದು ಮಲಗಿದರು. ದೊಡ್ಡಮ್ಮ ನಮ್ಮ ಮನೆಗೇ ಬಂದರು. "ಆ ತುದೀಲಿ ಎಡಗೈ ಇದ್ರೆ ಯಾರಿಗೂ ತಾಗಲ್ಲ. ನಿನ್ನ ಸೊಸೆ ಕೈ ಚಲೋ ಆಗ್ಯದೆ, ಮೂಲೆಗದ್ದೆ ನೋಡ್ದೆ. ನಾಳೆ ಕಳ್ಸು" ಎಂದು ಅತ್ತೆಗೆ ಹೇಳಿದರು.

ಅತ್ತೆಯ ಮುಖ ನೋಡಬೇಕಿತ್ತು. ತುದಿ ಎಂದರೆ ಅವರಿಗೇ ಎಂದೂ ಸಿಗದ ಜಾಗ. ನನ್ನ ಕೈಗೆ ಮೊದಲ ಸಲ ಬೆಲ್ಲದ ಕಾಫಿ ಅವರೇ ತಂದುಕೊಟ್ಟರು. ಎಡಗೈಗೆ. "ಹೋಗು, ಊರು ಕರ್ದಾಗ ಹೋಗ್ಬೇಕು" ಎಂದರು.

ಹೋದೆ. ಆ ಇಬ್ಬರಿಗೆ ಹೇಳಿಯೂ ಹೋಗಲಿಲ್ಲ.

ತುದಿಯಲ್ಲಿ ನಿಂತೆ. ಕೈ ಯಾರಿಗೂ ತಾಗಲಿಲ್ಲ. ಸಾಲು ದಾರ ಹಿಡಿದಂತೆ ನೇರ ಬಂತು. ಕಳೆದ ವರ್ಷ ಎದ್ದು ನಿಂತವಳೇ ಈ ಸಲ ಪಕ್ಕದಲ್ಲಿದ್ದಳು. ನಮ್ಮಪ್ಪನ ಬಗ್ಗೆ ಕೇಳಿದಳು, ಮುಳುಗಿದ ಊರಿನ ಬಗ್ಗೆ ಕೇಳಿದಳು. ಆಮೇಲೆ, "ಆ ಕಿವುಡಿ ಹಾಡು ಹೆಂಗೆ ತಡ್ಕಂಡ್ಯೆ ಒಂದು ವರ್ಷ? ಎಮ್ಮೆ ಈಯೋ ಹಾಂಗಿರ್ತದೆ!" ಎಂದಳು. ಸಾಲು ಪೂರ್ತಿ ನಕ್ಕಿತು. "ಇನ್ನೊಬ್ಳ ಹತ್ರ ಹುಷಾರು, ಒನಕೆ ಎತ್ಯಾಳು" ಎಂದು ಬೇರೆ ಯಾರೋ ಸೇರಿಸಿದರು.

ನಾನೂ ನಕ್ಕೆ.

ನಗದೆ ಇರಬಹುದಿತ್ತು. ಯಾರೂ ಕುತ್ತಿಗೆ ಹಿಡಿದಿರಲಿಲ್ಲ. ಮೂಲೆಗದ್ದೆ ಅಲ್ಲಿಂದ ಕೂಗಳತೆ. ಆ ಬೆಳಿಗ್ಗೆ ಅತ್ತಲಿಂದ ಅಜ್ಜಿಯ ಹಾಡು ಬಂದಿರಲಿಲ್ಲ ಎಂಬುದು ಆಗ ಗಮನಕ್ಕೆ ಬಂತು. ನಮ್ಮ ಸಾಲಿನ ಪದ ಚೆನ್ನಾಗಿತ್ತು, ರಾಗವಿತ್ತು, ತಾಳವಿತ್ತು. ನನಗೆ ಮಾತ್ರ ಕಿವಿ ಅತ್ತ ಕಡೆಗೇ.

ಊಟಕ್ಕೆ ಎಲ್ಲರೂ ಎದ್ದಾಗ ಅತ್ತ ನಡೆದೆ. ಹೊಸನಗರದವಳು ಅಂಚಿನ ಮೇಲೆ ಕೂತಿದ್ದಳು.

"ಓಹೋ! ತುದಿಯಮ್ಮನವರು ಬಂದ್ರು. ಮಣೆ ಹಾಕ್ಬೇಕಿತ್ತು, ತಂದಿಲ್ಲ."

ಅಜ್ಜಿ ಗದ್ದೆಯಲ್ಲೇ ನಿಂತಿದ್ದವಳು ನನ್ನನ್ನು ಕಂಡು ಕೂಗಿದಳು.

"ಬಂದ್ಯಾ? ಎಲ್ಲಿ ಹೋಗಿದ್ಯೆ ಇಷ್ಟೊತ್ತು? ನಿನ್ನ ಕಡೆ ಹಂಗೇ ಅದೆ ನೋಡು. ನಾನು ಮುಟ್ಟಿಲ್ಲ."

ನೋಡಿದೆ. ಗದ್ದೆಯ ಬಲಭಾಗ, ನಡುಭಾಗ ನೆಟ್ಟಾಗಿತ್ತು. ಎಡಗಡೆಯ ಸಂದಿ ಅಷ್ಟಗಲ ಖಾಲಿ. ಪಕ್ಕದ ತುಂಡಿಗೆ ಹೋಗಿದ್ದರು, ಅಲ್ಲೂ ಹಾಗೇ. ಅದರಾಚೆಯದ್ದರಲ್ಲೂ. ಸಂದಿಯ ಅಂಚಿನಲ್ಲಿ ಅಜ್ಜಿ ನನ್ನ ಪಾಲಿನ ಸಸಿಕಟ್ಟುಗಳನ್ನು ಒಂದರ ಪಕ್ಕ ಒಂದು ನೀರಲ್ಲಿ ನಿಲ್ಲಿಸಿಟ್ಟಿದ್ದಳು.

"ಅವಳಿಗೆ ನೂರು ಸಲ ಸನ್ನೆ ಮಾಡ್ದೆ, ನೀನು ಸಾಲಿಗೆ ಹೋಗಿದ್ದಿ, ಬರಲ್ಲ ಅಂತ" ಎಂದಳು ಹೊಸನಗರದವಳು, ನನ್ನ ಮುಖ ನೋಡದೆ. "ಬರ್ತಾಳೆ ಅಂತ್ಲೇ ಅಂದ್ಲು. ಕಿವುಡರ ಹತ್ರ ಯಾರು ವಾದ ಮಾಡ್ತಾರೆ?"

ನಾನು ಸೀರೆ ಎತ್ತಿಕಟ್ಟಿ ಇಳಿದೆ. ಊಟ ಮಾಡಲಿಲ್ಲ. ಸಾಲಿನವರು ಊಟ ಮುಗಿಸಿ ಎದ್ದ ಮೇಲೆ ದೊಡ್ಡಮ್ಮ ಅಲ್ಲಿಂದ ಕೂಗಿ ಕರೆದರು. ಎರಡು ಸಲ ಕರೆದರು.

"ನನ್ನ ಕೆಲ್ಸ ಇಲ್ಲಿ ಉಳ್ದದೆ ದೊಡ್ಡಮ್ಮ" ಎಂದೆ.

"ತುದಿ ಯಾರಿಗಾದ್ರೂ ದಿನಾ ಸಿಗ್ತದೇನೆ? ಇವತ್ತು ಬಿಟ್ರೆ ಮುಗೀತು!"

"ಮುಗೀಲಿ."

ಅಷ್ಟು ಹೇಳಿಬಿಟ್ಟೆ. ದೊಡ್ಡಮ್ಮನಿಗೆ ಎದುರು ಮಾತಾಡಿದ್ದು ಅತ್ತೆಗೆ ಗೊತ್ತಾಗದೆ ಇರುವುದಿಲ್ಲ. ಹಿಂದಿನ ವರ್ಷ ಒಲೆಯ ಮುಂದೆ ಹೇಳಿದ ಮಾತನ್ನು ಅವರು ವಾಪಸ್ಸು ತೆಗೆದುಕೊಂಡಿರಲಿಲ್ಲ. ಗಂಟು ಕಟ್ಟಬೇಕಾದರೆ ಎಲ್ಲಿಗೆ ಹೋಗುವುದು ಎಂದು ಯೋಚಿಸುತ್ತಲೇ ನೆಟ್ಟೆ. ಮೂರು ಸಂದಿ ಮುಗಿಯುವಷ್ಟರಲ್ಲಿ ಅಜ್ಜಿ ಹಾಡು ಶುರು ಮಾಡಿದ್ದಳು. ಹೊಸನಗರದವಳು ಒಂದು ರೊಟ್ಟಿಯನ್ನು ಮುರಿದು ನನ್ನ ಬಾಯಿಗೆ ತುರುಕಿದಳು, ಬೈಯುವ ಹಾಗೆ.

ಮನೆಗೆ ಹೋದೆ. ಸುದ್ದಿ ನನಗಿಂತ ಮೊದಲೇ ಹೋಗಿತ್ತು. ಅತ್ತೆ ರಾತ್ರಿ ಊಟಕ್ಕೆ ಬಡಿಸಿ ಒಲೆಯತ್ತ ತಿರುಗಿ ಕೂತರು. ಗಂಡ ತಲೆ ಕೆರೆದುಕೊಂಡ.

ಬೆಳಿಗ್ಗೆ ಎದ್ದಾಗ ಅತ್ತೆ ನನಗಿಂತ ಮೊದಲೇ ಎದ್ದು ಒಲೆ ಹಚ್ಚಿದ್ದರು. ನಾನು ಹೊರಡುವಾಗ ಬಾಗಿಲಿಗೆ ಬಂದರು. ಕೈಯಲ್ಲಿ ಬಾಳೆಲೆಯ ದೊಡ್ಡ ಗಂಟು. ಇಷ್ಟೊಂದು ನನಗೆ ಒಬ್ಬಳಿಗಲ್ಲ ಎಂದು ಹಿಡಿದ ಕೂಡಲೇ ಗೊತ್ತಾಯಿತು.

"ಎತ್ಲಾಗೆ ಹೊರಟ್ಯೆ?" ಎಂದರು.

"ಮೂಲೆಗದ್ದೆಗೆ."

"ಅದು ಗೊತ್ತದೆ. ಕೆಳಗಡೆ ಇರೋ ಕಡುಬು ಆ ಮುದುಕಿಗೆ. ಮೆತ್ತಗೆ ಬೇಯಿಸಿದೀನಿ, ಅವಳಿಗೆ ಹಲ್ಲಿಲ್ಲ. ಹಸಿವು ಅಂತ ಅದನ್ನ ನೀನು ತಿಂದುಬಿಡಬ್ಯಾಡ."